ಕೊಲಂಬಸ್‌ನಲ್ಲಿ ಮನೆ ಕೊಳ್ಳುವವರಿಗೆ: ಜರ್ಮನ್ ವಿಲೇಜ್, ಕ್ಲಿಂಟನ್‌ವಿಲ್

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ ನೋಡಲು ಅತ್ಯಂತ ಚೆಲುವಾದ ಬಡಾವಣೆ ಜರ್ಮನ್ ವಿಲೇಜ್. 19ನೇ ಶತಮಾನದ ಜರ್ಮನ್ ವಲಸಿಗರು ಕಟ್ಟಿದ ಕೆಂಪಿಟ್ಟಿಗೆಯ ಮನೆಗಳು, ಇಟ್ಟಿಗೆ ಹಾಸಿದ ಬೀದಿಗಳು ಮನಸೆಳೆಯುತ್ತವೆಯಾದರೂ, ಮನೆಯ ಹೊರರೂಪ ಬದಲಿಸಲು ಬಡಾವಣೆಯ ಹಳೆಯ ಸ್ವರೂಪ ಕಾಯುವ ಆಯೋಗದ ಒಪ್ಪಿಗೆ ಬೇಕು, ಕಾರು ನಿಲ್ಲಿಸಲು ಜಾಗ ಕಡಿಮೆ, ಬೆಲೆಯೂ ಹೆಚ್ಚು.

ಮಕ್ಕಳಿರುವ ಕುಟುಂಬಕ್ಕೆ ನಾನು ಮನಸಾರೆ ಸೂಚಿಸುವುದು ಉತ್ತರದ ಕ್ಲಿಂಟನ್‌ವಿಲ್. ದೊಡ್ಡ ಮರಗಳ ನೆರಳಿದೆ, ಒಲೆಂಟ್ಯಾಂಜಿ ನದಿಯ ಪಕ್ಕದ ಕಾಲುದಾರಿಯೂ ಹತ್ತಿರ. ಆದರೆ ಇಲ್ಲಿನ ಬಹಳಷ್ಟು ಮನೆಗಳು ಎರಡನೆಯ ಮಹಾಯುದ್ಧಕ್ಕಿಂತ ಹಳೆಯವಾದ್ದರಿಂದ, ನೆಲಮಾಳಿಗೆಯ ಗೋಡೆಯಲ್ಲಿ ತೇವದ ಗುರುತಾದ ಬಿಳಿಯ ಉಪ್ಪು ಒಸರಿದೆಯೇ ಎಂದು ನೋಡಿ, ಒಳಚರಂಡಿಯ ಮಣ್ಣಿನ ಕೊಳವೆಗೆ ಮರದ ಬೇರು ನುಗ್ಗಿದೆಯೇ ಎಂಬುದನ್ನು ಕ್ಯಾಮೆರಾ ಇಳಿಸಿ ಪರೀಕ್ಷಿಸಿಯೇ ಸಹಿ ಹಾಕಬೇಕು.

ಮಕ್ಕಳು ಯಾವ ಸರ್ಕಾರಿ ಶಾಲೆಗಳಿಗೆ ಸೇರಬಹುದು ಎಂಬುದು ಮನೆ ಇರುವ ಶಾಲಾ ಜಿಲ್ಲೆಯನ್ನು ಅವಲಂಬಿಸಿದೆ; ಕೊಲಂಬಸ್ ವಿಳಾಸವಿದ್ದೂ ಪಕ್ಕದ ಊರಾದ ಡಬ್ಲಿನ್‌ನ ಶಾಲಾ ಜಿಲ್ಲೆಗೆ ಸೇರಿದ ಮನೆಗಳಿವೆ. ಆಸ್ತಿ ತೆರಿಗೆಯೂ ಅದಕ್ಕೆ ತಕ್ಕಂತೆ ಬದಲಾಗುವುದರಿಂದ, ಜಾಹೀರಾತನ್ನು ನಂಬದೆ ಪ್ರತಿ ಮನೆಯ ಶಾಲಾ ಜಿಲ್ಲೆಯನ್ನು ಕೌಂಟಿಯ ದಾಖಲೆಯಲ್ಲೇ ನೋಡಿಕೊಳ್ಳಿ.