ಡೈಕ್‌ಸ್ಟ್ರಾನೋ, ಬೆಲ್‌ಮನ್-ಫೋರ್ಡೋ?

ನಕ್ಷೆಯಲ್ಲಿ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದೀರಾ? ಸುಮ್ನೆ ಡೈಕ್‌ಸ್ಟ್ರಾ ಎಂಬ ಲೆಕ್ಕದ ವಿಧಾನ (ಅಲ್ಗಾರಿದಮ್) ಹಿಡಿಯಿರಿ. 1959ರಲ್ಲಿ ಪ್ರಕಟವಾದದ್ದು, ಇವತ್ತಿಗೂ ಗಟ್ಟಿ. ಉಳಿದ ಊರುಗಳಲ್ಲಿ ಹೊರಟ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರದ್ದನ್ನು ಆರಿಸಿ, ಅದರ ಲೆಕ್ಕ ಅಲ್ಲಿಗೇ ಮುಗಿಸಿ ಮುಂದೆ ಹೋಗುತ್ತದೆ. ಅದಕ್ಕೇ ಅಷ್ಟು ವೇಗ.

ಯಾವುದಾದರೂ ದಾರಿಯ ಖರ್ಚು ಮೈನಸ್ ಇದ್ದರೆ ಎಡವಟ್ಟಾಗುವುದೂ ಅಲ್ಲೇ. ‘ಎ’ಯಿಂದ ‘ಬಿ’ಗೆ ನೇರ ಖರ್ಚು 2 ಅಂದುಕೊಳ್ಳಿ. ‘ಎ’ಯಿಂದ ‘ಸಿ’ಗೆ 5, ‘ಸಿ’ಯಿಂದ ‘ಬಿ’ಗೆ ಮೈನಸ್ 4. ಸುತ್ತಿ ಬಂದರೆ 1 ಅಲ್ವಾ? ಡೈಕ್‌ಸ್ಟ್ರಾ ಅಷ್ಟರಲ್ಲಿ 2 ಎಂದು ಷರಾ ಬರೆದು ಮುಗಿಸಿರುತ್ತದೆ.

ಬೆಲ್‌ಮನ್-ಫೋರ್ಡ್ ಎಂಬ ಇನ್ನೊಂದು ವಿಧಾನ ಎಲ್ಲ ದಾರಿಗಳನ್ನೂ ಮತ್ತೆ ಮತ್ತೆ ನೋಡುತ್ತದೆ. ಸಾವಿರ ಊರಿದ್ದರೆ 999 ಸುತ್ತಿನವರೆಗೂ! ನಿಧಾನ, ನಿಜ. ಆದರೆ ಸುತ್ತಿದಷ್ಟೂ ಖರ್ಚು ಇಳಿಯುವ ಚಕ್ರವಿದ್ದರೆ ಹಿಡಿದುಕೊಡುತ್ತದೆ. ಹಣ ಬದಲಿಸುತ್ತಾ ಸುತ್ತಿ ಬಂದರೆ ಲಾಭ ಸಿಗುತ್ತದೆಯೇ ಎಂದು ನೋಡುವ ಕರೆನ್ಸಿ ವಿನಿಮಯದ ಲೆಕ್ಕಕ್ಕೆ ಇದೇ ಸರಿ. ರಸ್ತೆಗೆ ಬೇಡ, ಮೈನಸ್ ಕಿಲೋಮೀಟರ್ ಎಲ್ಲೂ ಇಲ್ಲವಲ್ಲ.