‘ಆರ್ಡರ್ ಮಟ್ಟದ ಡೇಟಾ’ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಪ್ರಿಡಿಕ್ಷನ್ ಮಾರ್ಕೆಟ್‌ಗಳ (ಮುಂದೆ ಏನಾಗುತ್ತದೆ ಅನ್ನುವುದರ ಮೇಲೆ ಷೇರು ಕೊಂಡು ಮಾರುವ ತಾಣಗಳು) ಹಳೆಯ ಆರ್ಡರ್‌ಬುಕ್ ಡೇಟಾ, ಅಂದರೆ ಕೊಳ್ಳಲು, ಮಾರಲು ಕಾದಿದ್ದ ಆರ್ಡರ್‌ಗಳ ಪಟ್ಟಿ, ಹುಡುಕುತ್ತಿರುವ ವಿದ್ಯಾರ್ಥಿಗಳು, ಡೇಟಾ ಕೆಲಸದವರು ದಯವಿಟ್ಟು ಇದನ್ನು ಓದಿ. ‘ಪ್ರತಿಯೊಂದು ಆರ್ಡರ್‌ನ ಪ್ರತಿಯೊಂದು ಬದಲಾವಣೆಯೂ ಸಿಗುತ್ತದೆ’ ಅಂತ ಹೇಳಿಕೊಳ್ಳುವ ಒಂದು ಟೂಲ್‌ಗೆ ನಾನು ವರ್ಷದ ಚಂದಾ ಕಟ್ಟಿದೆ. ಸಿಕ್ಕಿದ್ದು ಬೇರೆಯೇ. ಅವರ ಹೆಸರು ಹಾಕುತ್ತಿಲ್ಲ. ಇದೇ ಮಾತು ಹೇಳಿ ಮಾರುವವರು ಇನ್ನೂ ಇರಬಹುದು, ಆದ್ದರಿಂದ ಪರೀಕ್ಷೆ ಮಾಡುವ ದಾರಿ ಗೊತ್ತಿದ್ದರೆ ಜಾಸ್ತಿ ಉಪಯೋಗ.

ನನಗೆ ಬೇಕಿದ್ದದ್ದು 2024ರ ಅಮೆರಿಕ ಅಧ್ಯಕ್ಷ ಚುನಾವಣೆಯ ಸಮಯದ ಪಾಲಿಮಾರ್ಕೆಟ್ (ಅಂಥ ಒಂದು ತಾಣ) ಡೇಟಾ. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರಲ್ಲ, ಅಂಥ ಸುದ್ದಿ ಬಂದಾಗ ಬುಕ್‌ನಲ್ಲಿ ನಿಂತಿದ್ದ ಆರ್ಡರ್‌ಗಳು ವ್ಯಾಪಾರ ಆಗಿ ಹೋದವಾ, ಇಲ್ಲ ಹಾಕಿದವರೇ ಗಾಬರಿಯಿಂದ ತೆಗೆದುಕೊಂಡರಾ? ಇದು ನನ್ನ ಪ್ರಶ್ನೆ. (ನಮ್ಮಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ನಾನು ಹೇಳುತ್ತಿರುವುದು ಅಧ್ಯಯನದ ವಿಷಯ, ಆಡುವ ವಿಷಯ ಅಲ್ಲ.)

ಈ ಪ್ರಶ್ನೆಗೆ ಬೆಲೆ ಮಟ್ಟದ ಡೇಟಾ ಸಾಲದು. 42 ಸೆಂಟ್‌ನಲ್ಲಿ 1,500 ಷೇರು ಇತ್ತು, ಈಗ 1,200 ಇದೆ ಅಂದುಕೊಳ್ಳಿ. ಬೆಲೆ ಮಟ್ಟದ ಡೇಟಾ ಹೇಳುವುದು ಅಷ್ಟೇ. ಆ 300 ವ್ಯಾಪಾರ ಆಯಿತಾ? ಯಾರೋ ಕ್ಯಾನ್ಸಲ್ ಮಾಡಿದರಾ? ಅಥವಾ 500 ಕ್ಯಾನ್ಸಲ್ ಆಗಿ, ಅದೇ ಗಳಿಗೆಯಲ್ಲಿ ಹೊಸದಾಗಿ 200 ಬಂತಾ? ಇದು ತಿಳಿಯಬೇಕಾದರೆ ಪ್ರತಿ ಆರ್ಡರ್‌ಗೂ ಒಂದು ನಂಬರ್ ಇರಬೇಕು. ಆ ನಂಬರ್ ಹಿಡಿದು ಆರ್ಡರ್ ಬಂದದ್ದು, ತುಂಬಿದ್ದು (ಅಂದರೆ ವ್ಯಾಪಾರ ಆದದ್ದು), ಕ್ಯಾನ್ಸಲ್ ಆದದ್ದು ಎಲ್ಲವನ್ನೂ ನೋಡುವಂತಿರಬೇಕು. ಷೇರುಪೇಟೆಯಲ್ಲಿ ನಾಸ್ಡಾಕ್‌ನ ‘ಇಚ್’ (ITCH) ಫೀಡ್, ಅಂದರೆ ನೇರ ಡೇಟಾ ಪ್ರಸಾರ, ಹೀಗೇ ಇರುತ್ತದೆ. ಆ ಟೂಲ್‌ನವರು ಕೊಡುತ್ತೇವೆ ಅಂದದ್ದೂ ಇದನ್ನೇ.

ಫೈಲ್ ತೆರೆದಾಗ ಎಲ್ಲ ಸರಿಯಾಗೇ ಕಂಡಿತು. ಆರ್ಡರ್ ಐಡಿ ಕಾಲಂ ಭರ್ತಿ ಇತ್ತು. ಪಕ್ಕದ ಕಾಲಂನಲ್ಲಿ ‘ಹೊಸದು’, ‘ಕ್ಯಾನ್ಸಲ್’, ‘ವ್ಯಾಪಾರ’ ಅಂತ ಅಚ್ಚುಕಟ್ಟಾಗಿ ಬರೆದಿತ್ತು. ‘ಹೊಸದು’ ಅಂತ ಇದ್ದ ಒಂದು ಸಾಲಿನ ಐಡಿ ತೆಗೆದುಕೊಂಡು ಇಡೀ ಫೈಲ್‌ನಲ್ಲಿ ಹುಡುಕಿದೆ. ಇನ್ನೊಂದು ಕಡೆ ಎಲ್ಲೂ ಇಲ್ಲ. ಬೇರೆ ಐಡಿ ಹಿಡಿದರೂ ಅದೇ ಕಥೆ. ಬುಕ್‌ಗೆ ಬಂದ ಆರ್ಡರ್ ತುಂಬಬೇಕು, ಇಲ್ಲವೇ ಕ್ಯಾನ್ಸಲ್ ಆಗಬೇಕು. ಮಾರ್ಕೆಟ್ ಮುಗಿದ ಮೇಲೂ ಅದು ಬುಕ್‌ನಲ್ಲೇ ನಿಂತಿರಲು ಹೇಗೆ ಸಾಧ್ಯ, ಅಲ್ವಾ?

ಆಮೇಲೆ ಬ್ಲಾಕ್‌ಚೈನ್ (ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕ) ಜೊತೆ ಹೋಲಿಸಿದೆ. ಪಾಲಿಮಾರ್ಕೆಟ್‌ನಲ್ಲಿ ಆರ್ಡರ್‌ಗಳನ್ನು ಜೋಡಿಸುವುದು ಸರ್ವರ್‌ನಲ್ಲಿ. ಲೆಕ್ಕ ಚುಕ್ತಾ ಆಗುವುದು ಪಾಲಿಗಾನ್ ಅನ್ನುವ ಬ್ಲಾಕ್‌ಚೈನ್ ಮೇಲೆ. ಆರ್ಡರ್ ತುಂಬಿದಾಗಲೆಲ್ಲ ಅಲ್ಲಿ ‘ಆರ್ಡರ್‌ಫಿಲ್ಡ್’ ಅನ್ನುವ ದಾಖಲೆ ಬೀಳುತ್ತದೆ, ಅದರಲ್ಲಿ ಆ ಆರ್ಡರ್‌ನ ಹ್ಯಾಶ್, ಅಂದರೆ ಅದರದ್ದೇ ಆದ ಗುರುತಿನ ಸಂಖ್ಯೆ, ಇರುತ್ತದೆ. ಇದು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದಾದ ದಾಖಲೆ. ಟೂಲ್‌ನ ಐಡಿಗಳಲ್ಲಿ ಒಂದೂ ಈ ಹ್ಯಾಶ್‌ಗಳ ಜೊತೆ ಹೊಂದಲಿಲ್ಲ.

ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಉತ್ತರ ಬಂತು. ಅವರ ಹತ್ತಿರ ಇದ್ದದ್ದು ಆಗಾಗ ತೆಗೆದ ಸ್ನ್ಯಾಪ್‌ಶಾಟ್‌ಗಳು, ಅಂದರೆ ಆ ಕ್ಷಣದಲ್ಲಿ ಬುಕ್ ಹೇಗಿತ್ತು ಅನ್ನುವ ಚಿತ್ರ. ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿ, ಪ್ರತಿ ವ್ಯತ್ಯಾಸಕ್ಕೂ ತಾವೇ ಒಂದು ಐಡಿ ಕೊಟ್ಟಿದ್ದರು. ಕಡಿಮೆಯಾದ ಕಡೆ ಹತ್ತಿರದಲ್ಲಿ ವ್ಯಾಪಾರ ಕಾಣದಿದ್ದರೆ ‘ಕ್ಯಾನ್ಸಲ್’ ಅಂತ ಬರೆದುಬಿಟ್ಟಿದ್ದರು. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಬಂದು ಹೋದ ಆರ್ಡರ್‌ಗಳ ಸುಳಿವೇ ಇಲ್ಲ. ಅಂದಾಜನ್ನು ಅಂದಾಜು ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ. ನಡೆದ ಘಟನೆ ಅಂತ ಕಾಲಂ ಮಾಡಿ ಕೊಡುವುದು ಮೋಸ. ಇದನ್ನು ನಂಬಿ ಯಾರಾದರೂ ಪ್ರಬಂಧ ಬರೆದಿದ್ದರೆ ಅವರ ಗತಿ ಏನು?

ಇನ್ನೊಂದು ತೊಂದರೆ ಡೌನ್‌ಲೋಡ್‌ನಲ್ಲಿತ್ತು. ಡೇಟಾ ಪುಟ ಪುಟವಾಗಿ ಬರುತ್ತದೆ. ಮುಂದಿನ ಪುಟ ಎಲ್ಲಿಂದ ಅನ್ನುವುದಕ್ಕೆ ಅವರ ಎಪಿಐ (ಪ್ರೋಗ್ರಾಂ ಮೂಲಕ ಡೇಟಾ ಕೇಳುವ ದಾರಿ) ಕೊನೆಯ ಸಾಲಿನ ಸಮಯವನ್ನು ಇಟ್ಟುಕೊಂಡು, ‘ಇದಾದ ಮೇಲಿನದು’ ಅಂತ ಕೊಡುತ್ತಿತ್ತು. ಒಂದೇ ಮಿಲಿಸೆಕೆಂಡ್‌ನ ಹಲವು ಸಾಲುಗಳು ಪುಟದ ಅಂಚಿಗೆ ಸಿಕ್ಕಿಕೊಂಡರೆ, ಉಳಿದವು ಸದ್ದಿಲ್ಲದೆ ಹೋಗುತ್ತವೆ. ಎರರ್ ಕೂಡ ಬರುವುದಿಲ್ಲ. ಮಾರ್ಕೆಟ್ ತಣ್ಣಗಿದ್ದಾಗ ಏನೂ ಆಗುವುದಿಲ್ಲ. ಸುದ್ದಿ ಬಂದು ಬುಕ್ ಅಲ್ಲಾಡುವಾಗಲೇ ಜಾಸ್ತಿ ಸಾಲು ಕಳೆದುಹೋಗುವುದು. ಇದನ್ನು ಹಿಡಿಯಲು ಒಂದು ಸ್ನ್ಯಾಪ್‌ಶಾಟ್‌ನಿಂದ ಶುರು ಮಾಡಿ, ಬದಲಾವಣೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ, ಮುಂದಿನ ಸ್ನ್ಯಾಪ್‌ಶಾಟ್ ಜೊತೆ ತಾಳೆ ನೋಡಿ. ನನಗೆ ಕೆಲವು ಬೆಲೆಗಳಲ್ಲಿ ಷೇರಿನ ಸಂಖ್ಯೆ ಸೊನ್ನೆಗಿಂತ ಕೆಳಗೆ ಹೋಯಿತು.

ಇನ್ನೂ ಒಂದು ವಿಷಯ. ಇಲ್ಲಿ ‘ಹೌದು’, ‘ಇಲ್ಲ’ ಅಂತ ಎರಡು ಬಗೆಯ ಷೇರು (ಟೋಕನ್) ಇರುತ್ತವೆ, ಎರಡೂ ಸೇರಿ ಒಂದು ಡಾಲರ್. ಹಾಗಾಗಿ ‘ಹೌದು’ ಟೋಕನ್ ಅನ್ನು 42 ಸೆಂಟ್‌ಗೆ ಕೊಳ್ಳುವ ಆರ್ಡರ್, ‘ಇಲ್ಲ’ ಟೋಕನ್‌ನ ಬುಕ್‌ನಲ್ಲಿ 58 ಸೆಂಟ್‌ನ ಮಾರಾಟವಾಗಿ ಕಾಣುತ್ತದೆ. ಎರಡೂ ಒಂದೇ ಆರ್ಡರ್. ಟೂಲ್ ಇವನ್ನು ಬೇರೆ ಬೇರೆ ಅಂತ ಎಣಿಸಿತ್ತು, ಅದನ್ನೂ ನೋಡಿಕೊಳ್ಳಿ.

ಚಂದಾ ವಾಪಸ್ ಕೇಳಿದೆ. ಡೌನ್‌ಲೋಡ್ ಶುರು ಮಾಡಿದ ಮೇಲೆ ರೀಫಂಡ್ ಇಲ್ಲ ಅಂದರು. ಬದಲಿಗೆ ಇನ್ನಷ್ಟು ಡೌನ್‌ಲೋಡ್ ಮಾಡಲು ಕ್ರೆಡಿಟ್ ಕೊಡುತ್ತಾರಂತೆ! ಆ ಡೇಟಾ ಇನ್ನಷ್ಟು ಇಟ್ಟುಕೊಂಡು ನಾನೇನು ಮಾಡಲಿ?

ಹಾಗಾಗಿ ಮೊದಲೇ ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ. ಗಲಾಟೆ ಇದ್ದ ಒಂದು ಗಂಟೆಯ ಸ್ಯಾಂಪಲ್ ಕೇಳಿ, ಸಮಯ ನೀವೇ ಆರಿಸಿ. ‘ಆರ್ಡರ್ ಐಡಿ ಮಾರ್ಕೆಟ್‌ನದ್ದಾ, ನೀವು ಮಾಡಿಕೊಂಡದ್ದಾ’ ಅಂತ ಮಾರುವವರನ್ನು ಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಸಮಯ ಮಾರ್ಕೆಟ್ ಕೊಟ್ಟದ್ದಾ, ಅವರ ಸರ್ವರ್‌ಗೆ ಸಂದೇಶ ತಲುಪಿದ್ದಾ ಅಂತಲೂ ಕೇಳಿ.

ಪಾಲಿಮಾರ್ಕೆಟ್‌ನ ಸಾರ್ವಜನಿಕ ಫೀಡ್ ಕೊಡುವುದು ಆಯಾ ಬೆಲೆಯಲ್ಲಿರುವ ಒಟ್ಟು ಷೇರು ಮಾತ್ರ. ಕಾಲ್ಶಿ ಅನ್ನುವ ಇನ್ನೊಂದು ತಾಣದ ಫೀಡ್‌ನಲ್ಲೂ ಬದಲಾವಣೆ ಬರುವುದು ಬೆಲೆಯ ಲೆಕ್ಕದಲ್ಲೇ. ಅದರಲ್ಲಿ ಕ್ರಮಸಂಖ್ಯೆ ಇರುವುದರಿಂದ ನಡುವೆ ಏನಾದರೂ ತಪ್ಪಿಹೋದರೆ ಗೊತ್ತಾಗುತ್ತದೆ, ಅಷ್ಟೇ. ಈಗಿನ ಮಾರ್ಕೆಟ್‌ಗಳನ್ನು ನಾನೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ, ತುಂಬಿದ ಆರ್ಡರ್‌ಗಳನ್ನು ಪಾಲಿಗಾನ್‌ನಿಂದ ತೆಗೆದುಕೊಂಡು ಅದರ ಜೊತೆ ಸೇರಿಸುತ್ತಿದ್ದೇನೆ. ಆರ್ಡರ್ ಹಾಕಿದ್ದು ಚೈನ್ ಮೇಲೆ ಬರುವುದಿಲ್ಲ, ಸಾಮಾನ್ಯವಾಗಿ ಕ್ಯಾನ್ಸಲ್ ಮಾಡಿದ್ದೂ ಬರುವುದಿಲ್ಲ. 2024ರ ಕ್ಯಾನ್ಸಲ್‌ಗಳನ್ನು ಒಂದೊಂದಾಗಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ, ಅದು ಅವರಿಗೆ ಎಲ್ಲಿಂದ ಸಿಕ್ಕಿತು ಅನ್ನುವುದನ್ನು ದುಡ್ಡು ಕಟ್ಟುವ ಮುಂಚೆ ಕೇಳಿ.