ಹೆಕ್ಕಿ ತಂದ ಹರಳಿಗೆ ಪಾಲಿಮರ್ ಕ್ಲೇನಾ, ಟೆರಾಕೋಟಾನಾ?

ಹೊಳೆನರಸೀಪುರದ ಕಡೆ ಹೋದಾಗ ಒಂದು ಗಾರ್ನೆಟ್ ಹರಳು ಸಿಕ್ಕಿತು ಅಂದುಕೊಳ್ಳಿ. ಕಡಲೆಕಾಳಿನಷ್ಟು, ಕಡುಗೆಂಪು, ಅಂಚು ಸ್ವಲ್ಪ ಮೊಂಡು. ಪೆಂಡೆಂಟ್ ಮಾಡೋಕೆ ಯಾವುದು ಸರಿ?

ಪಾಲಿಮರ್ ಕ್ಲೇ ಅಸಲಿಗೆ ಮಣ್ಣೇ ಅಲ್ಲ, ಪಿವಿಸಿ ಪ್ಲಾಸ್ಟಿಕ್. ಕಂಪನಿಗೆ ತಕ್ಕಂತೆ ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮನೆಯ ಓವನ್‌ನಲ್ಲೇ ಗಟ್ಟಿಯಾಗುತ್ತದೆ. ಇಷ್ಟು ಬಿಸಿಯನ್ನು ಗಾರ್ನೆಟ್, ಸ್ಫಟಿಕ, ಅಗೇಟ್ ತಡೆದುಕೊಳ್ಳುತ್ತವೆ. ಹಾಗಾಗಿ ಹರಳನ್ನು ಕೂರಿಸಿಯೇ ಬೇಯಿಸಬಹುದು. ಓಪಲ್, ಮುತ್ತು ಮಾತ್ರ ಬೇಡ. ಒಂದು ತೊಂದರೆ ಇದೆ: ಕ್ಲೇ ಕಲ್ಲಿಗೆ ಅಂಟುವುದಿಲ್ಲ. ನನ್ನ ಮೊದಲ ಪೆಂಡೆಂಟ್‌ನ ಹರಳು ಬಸ್ಸಿನಲ್ಲೇ ಉದುರಿಹೋಯಿತು. ಈಗ ಕ್ಲೇಯ ತೆಳ್ಳಗಿನ ಎಳೆ ಹೊಸೆದು, ಹರಳಿನ ಅಂಚಿನ ಮೇಲೆ ಬರುವಂತೆ ಸುತ್ತಲೂ ಒತ್ತುತ್ತೇನೆ, ಬಳೆ ತೊಡಿಸಿದ ಹಾಗೆ.

ಟೆರಾಕೋಟಾ ಅಂದರೆ ಸುಟ್ಟ ಜೇಡಿಮಣ್ಣು. ಅದರ ಚೆಂದವೇ ಬೇರೆ, ಕಾಟನ್ ಸೀರೆಗೆ ಅದೇ ಸರಿ ಅಲ್ವಾ? ಅಗ್ಗ ಕೂಡ. ಆದರೆ ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಹರಳಿಗೆ ಅಳೆದು ಮಾಡಿದ ಗುಳಿ ಆಮೇಲೆ ಸಾಲುವುದಿಲ್ಲ. ಮಣ್ಣನ್ನು ಸುಟ್ಟ ಮೇಲೆಯೇ ಕಲ್ಲನ್ನು ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಕೈಜಾರಿದರೆ ಪೆಂಡೆಂಟ್ ಚೂರು ಚೂರು.

ಹರಳೇ ಮುಖ್ಯ ಅನ್ನುವುದಾದರೆ ನನ್ನ ಓಟು ಪಾಲಿಮರ್‌ಗೆ. ದುಡ್ಡು ಜಾಸ್ತಿ, ನಿಜ. ಅಡುಗೆಯ ಓವನ್ನೇ ಆದರೆ ಟ್ರೇ ಬೇರೆ ಇಟ್ಟುಕೊಳ್ಳಿ, ಕಿಟಕಿ ತೆಗೆದಿಡಿ.